ಬಚ್ಚಲಿಗೆ ಬಂದ ಬೇರು

ಏಪ್ರಿಲ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು: ನಾನು, ನನ್ನ ಯಜಮಾನರು, ಮತ್ತು ಬಚ್ಚಲಿನಲ್ಲಿ ಪಾದ ಮುಳುಗುವಷ್ಟು ನಿನ್ನೆಯ ನೀರು. ಹೀಗೆ ಶುರು ಮಾಡುವುದು ದವಾಖಾನೆಯಿಂದ ಬಂದ ಅಭ್ಯಾಸ. ನರ್ಸಿನ ಕೆಲಸದಲ್ಲಿ ಪಾಳಿ ಬದಲಾಗುವಾಗ ದಿನ ಯಾವುದು, ಹೊತ್ತು ಎಷ್ಟು, ಯಾರು ಹಾಜರಿದ್ದರು, ಏನಾಯಿತು ಎಂದು ಮುಂದಿನವರಿಗೆ ಒಪ್ಪಿಸದೆ ಮನೆಗೆ ಹೋಗುವಂತಿಲ್ಲ. ನಿವೃತ್ತಿಯಾಗಿ ಸೇಡಂನಲ್ಲಿ ಮನೆ ಕಟ್ಟಿಕೊಂಡ ಮೇಲೆ ಒಪ್ಪಿಸಿಕೊಳ್ಳುವವರೇ ಇಲ್ಲ. ಯಜಮಾನರಿಗೆ ಒಪ್ಪಿಸಲು ಹೋದರೆ ಪೇಪರಿನ ಹಿಂದಿನಿಂದ ಒಂದು "ಹೂಂ" ಬರುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಗಳ ಸದ್ದು ಕೇಳುತ್ತ ನೌಕರಿ ಮುಗಿಸಿದ ಅವರಿಗೆ ನನ್ನ ದನಿ ಯಾವ ಲೆಕ್ಕ? ಆದ್ದರಿಂದ ನಿಮಗೆ ಒಪ್ಪಿಸುತ್ತಿದ್ದೇನೆ.

ನನಗೆ ಸುಲಭವಾಗಿ ಗಾಬರಿಯಾಗುವುದಿಲ್ಲ ಎಂದು ನಾನು ನಂಬಿದ್ದೆ. ಲಗ್ನದ ಉಂಗುರ ನುಂಗಿದ ಮದುಮಗನನ್ನು ನೋಡಿದ್ದೇನೆ. ಕಡಿದ ಚೇಳನ್ನು ಡಬ್ಬಿಯಲ್ಲಿ ಜೀವಂತ ಹಿಡಿದು ತಂದು, "ಇದೇ ನೋಡ್ರಿ ಸಿಸ್ಟರ್, ಗುರ್ತಾ ಹಿಡೀರಿ" ಎಂದು ಮೇಜಿನ ಮೇಲೆ ಮುಚ್ಚಳ ತೆರೆದ ಮಹಾನುಭಾವನನ್ನೂ ನೋಡಿದ್ದೇನೆ. ಡಾಕ್ಟರು ಕುರ್ಚಿ ಹತ್ತಿದರು. ನಾನು ಮುಚ್ಚಳ ಹಾಕಿದೆ. ಇಂಥ ನನ್ನನ್ನು ಒಂದು ಬೇರು, ಬೆರಳು ದಪ್ಪದ ಒಂದು ಬೇರು, ಒಂದೇ ದಿನದಲ್ಲಿ ಮತ್ತೆ ಮತ್ತೆ ಬೆಚ್ಚಿಬೀಳಿಸಿತು ಎಂದರೆ ನೀವು ನಂಬಲಿಕ್ಕಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಬಚ್ಚಲ ಕಟ್ಟಿದರೆ ನನ್ನ ದಿನವೇ ಕಟ್ಟುತ್ತದೆ. ಸ್ನಾನ, ಪೂಜೆ, ಚಹಾ, ಗಿಡಗಳಿಗೆ ನೀರು: ಒಂದರ ಬಾಲ ಹಿಡಿದು ಇನ್ನೊಂದು ಬರಬೇಕು. ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಚಹಾ ಇಲ್ಲ, ಚಹಾ ಇಲ್ಲದಿದ್ದರೆ ಯಜಮಾನರು ಮನುಷ್ಯರಾಗುವುದಿಲ್ಲ. ಅವರು ಒಂದು ಬಿದಿರು ಕೋಲು ತಂದು ಮೋರಿಯ ತೂತಿನಲ್ಲಿ ತಿವಿದರು. ಕೋಲು ಒಳಗೆ ಹೋಯಿತು, ಹೊರಗೆ ಬರಲಿಲ್ಲ. "ಯಾರೋ ಒಳಗ ಹಿಡ್ಕೊಂಡಾರ ನೋಡು" ಎಂದರು. ನಾನು ಮಶಾಕ್‌ನಿಗೆ ಫೋನ್ ಹಚ್ಚಿದೆ. ಈ ಓಣಿಯ ನಲ್ಲಿ, ಪೈಪು, ಫರಸಿ ಕೆಲಸವೆಲ್ಲ ಅವನದೇ. ಅವನು ಬಂದು, ಕೊಕ್ಕೆ ಕಟ್ಟಿದ ತಂತಿ ಇಳಿಬಿಟ್ಟು, ಹಲ್ಲು ಕಚ್ಚಿ ಎಳೆದ. ಮೊದಲು ಯಜಮಾನರ ಕೋಲು ಬಂತು. ಆಮೇಲೆ ಬಂದದ್ದನ್ನು ನೋಡಿ ನಾನು ಗೋಡೆಗೆ ಒರಗಿದೆ.

ಅದು ಕೂದಲು ಎಂದೇ ನನಗನಿಸಿತು. ಮೊಳಗಟ್ಟಲೆ ಉದ್ದದ, ಒದ್ದೆಯಾದ, ಕಂದು ಬಣ್ಣದ ಜಡೆ. ಪೈಪಿನ ಒಳಗೇ ಬೆಳೆದು ಪೈಪಿನ ಆಕಾರವನ್ನೇ ತಾಳಿದ್ದ ಅದು ಹೊರಗೆ ಬಂದರೂ ಗುಂಡಗೆ ಕೊಳವೆಯಂತೆಯೇ ನಿಂತಿತ್ತು. ಮಶಾಕ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಬಾಯಾರ, ಬೇರ್ರೀ ಇದು! ಪೈಪಿನಾಗ ಪೂರಾ ಸಂಸಾರ ಹೂಡ್ಯಾದ!" ಎಂದ. ಬೇರು! ನನ್ನ ಬಚ್ಚಲಿನಲ್ಲಿ! ನಾನು ತಲೆಯೆತ್ತಿ ನೋಡಿದೆ. ಗೋಡೆಯ ಆಚೆಯಿಂದ ನೀಲಮ್ಮನವರ ಬೇವು ನಮ್ಮ ಅಂಗಳದೊಳಕ್ಕೆ ಇಣುಕುತ್ತಿತ್ತು. ಅಪರಾಧಿ ಸಿಕ್ಕಿದ ಎಂದುಕೊಂಡೆ.

ನೀಲಮ್ಮ ಕೊಡ್ಲಿ ಊರಿನ ಕಡೆಯವರು. ಆ ಬೇವಿನ ಕೆಳಗೆ ಸಾಲು ಒಲೆ ಹೂಡಿ, ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಸೇಡಂನಲ್ಲಿ ಏಪ್ರಿಲ್ ಬಿಸಿಲೆಂದರೆ ಕೋಡ್ಲಾದ ಸಿಮೆಂಟು ಫ್ಯಾಕ್ಟರಿಯ ಭಟ್ಟಿ ಮುನಿಸಿಕೊಂಡು ಊರೊಳಗೆ ಬಂದ ಹಾಗೆ. ಆ ಬಿಸಿಲಿನಲ್ಲೂ ಬೆಳಗಿನಿಂದ ಸಂಜೆಯವರೆಗೆ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆಂದರೆ ಆ ಗಿಡದ ನೆರಳಿನಿಂದಲೇ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಸ್ನಾನವಾಗಿರಲಿಲ್ಲ. ಸ್ನಾನವಾಗದ ನಾನು ನ್ಯಾಯ ಹೇಳಲು ಯೋಗ್ಯಳಲ್ಲ ಎಂಬುದು ಆಮೇಲೆ ತಿಳಿಯಿತು.

ಆ ಜಡೆಯನ್ನು ತಂದು ಗೋಡೆಯ ಮೇಲೆ ನೇತುಹಾಕಿದೆ. ನೀಲಮ್ಮ ಆಚೆಯಿಂದ ನೋಡಿದರು.

"ಏನ್ರಿ ನರ್ಸಬಾಯಿ, ಮುಂಜಾನೆದ್ದು ಯಾರ ಜಡಿ ಕತ್ತರಿಸೀರಿ?"

"ಜಡಿ ಅಲ್ರಿ, ನಿಮ್ಮ ಬೇವಿನ ಬೇರು. ನಮ್ಮ ಬಚ್ಚಲದ ಪೈಪಿನಾಗ ಸಿಕ್ಕಾದ."

"ನಮ್ ಬೇವೇನ್ರಿ! ಅದು ನಾ ಲಗ್ನಾಗಿ ಬರೂಕಿಂತ ಮುಂಚಿಂದು. ನಿಮ್ಮ ಮನಿ ಮೊನ್ನಿ ಮೊನ್ನಿ ಎದ್ದಾದ. ಅದಕ್ಕ ನಿಮ್ಮ ಬಚ್ಚಲದ ದಾರಿ ಯಾರ್ ತೋರಿಸ್ಯಾರ?"

"ಗೋಡಿ ಬಾಜೂಕ ಅದೊಂದೇ ಗಿಡ ಅದ. ಮತ್ತ್ಯಾವುದು ಬರ್ತದ? ಯಾರ ಗಿಡದ ಬೇರು ಬಂದಾದೋ ಅವರ ಗಿಡ ಹೋಗಬೇಕು. ಇದು ಕಾಯ್ದೆ."

"ಶಾಂತಾ, ಈ ಕಾಯ್ದೆ ಯಾವಾಗ ಬಂತು?" ಎಂದು ಹಿಂದಿನಿಂದ ಯಜಮಾನರು ಕೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ರೊಟ್ಟಿಯ ಸದ್ದು ನಿಂತುಹೋಯಿತು. ಒಬ್ಬಾಕೆ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. "ಅಕ್ಕಾ, ಗಿಡ ಹೋದ್ರ ಎಲ್ಲಿ ಕುಂದರೂದು? ತಗಡಿನ ಪತ್ರಾ ಹಾಕಸ್ತೀಯೇನು?" ಎಂದು ಇನ್ನೊಬ್ಬಾಕೆ ಕೇಳಿದರೆ, ಮೂರನೆಯಾಕೆ, "ಪತ್ರಾದ ಕೆಳಗ ಹಂಚೇ ಬ್ಯಾಡವ್ವ, ರೊಟ್ಟಿ ಬಡದು ಸುಮ್ಕ ತೊಡಿ ಮ್ಯಾಲ ಇಟ್ಕೊಂಡ್ರ ಬೇಯ್ತಾವ" ಎಂದಳು. ಯಾರೂ ನಗಲಿಲ್ಲ. ನೀಲಮ್ಮ ಗಿಡವನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ಸೆರಗು ಸಿಗಿಸಿಕೊಂಡರು.

"ನೋಡ್ರಿ ನರ್ಸಬಾಯಿ. ನನ್ನ ಗಿಡದಿಂದ ಮಂದಿ ಬಚ್ಚಲ ಕಟ್ಟಿತು ಅಂಬೋ ಮಾತು ನನಗ ಬ್ಯಾಡ. ಗಿಡ ಕಡಿಯೋರಿಗಿ ಈಗೇ ಫೋನ್ ಹಚ್ತೀನಿ, ಬಂದು ಕುಂದರಲಿ. ಆದ್ರ ಆ ಬೇರು ನನ್ನ ಗಿಡದ್ದೇ ಅಂತ ಬುಡದತನ ಅಗದು ತೋರಸ್ರಿ. ಅಲ್ಲೀತನ ಒಂದು ಟೊಂಗಿ ಮುಟ್ಟಕೊಡಂಗಿಲ್ಲ."

"ತೋರಸ್ತೀನಿ" ಎಂದೆ. ಎಂಥ ಖಾತರಿಯಿಂದ ಎಂದೆನೋ!

ಅಗೆಯುವ ಮುಂಚೆ ನಮ್ಮ ಅಂಗಳದ ವರ್ಣನೆ ಅಗತ್ಯ. ಅದರಲ್ಲಿ ಮಣ್ಣು ಕಾಣುವುದಿಲ್ಲ. ಶಾಹಾಬಾದಿಗೆ ಖುದ್ದು ಹೋಗಿ ಒಂದೊಂದನ್ನೂ ತಟ್ಟಿ ನೋಡಿ ಆರಿಸಿ ತಂದ ಫರಸಿ ಕಲ್ಲನ್ನು ಗೋಡೆಯಿಂದ ಗೋಡೆಗೆ ಹಾಸಿಸಿದ್ದೇನೆ. ಈ ಭಾಗದಲ್ಲಿ ಎಲ್ಲರೂ ಹಾಸುತ್ತಾರೆ. ಎರೆ ಮಣ್ಣಿನ ಮೇಲೆ ಬದುಕುವವರಿಗೆ ಅದೇ ಗತಿ. ನಮ್ಮ ಎರೆ ಮಣ್ಣಿಗೆ ಶಿಸ್ತು ಎಂಬುದೇ ಇಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಚಪ್ಪಲಿಯನ್ನು ಕಾಲಿನಿಂದ ಕಿತ್ತುಕೊಳ್ಳುತ್ತದೆ; ಬೇಸಿಗೆಯಲ್ಲಿ ಸೊರಗಿ, ಕೈ ತೂರಿಸುವಷ್ಟು ಬಾಯಿ ಬಿಡುತ್ತದೆ. ಇಂಥದ್ದನ್ನು ಕಲ್ಲಿನಡಿ ಮಲಗಿಸಿ ಹೊದಿಕೆ ಸರಿಪಡಿಸಿದ ಹಾಗೆ ಸಂದು ತುಂಬಿಬಿಟ್ಟರೆ ಮುಗಿಯಿತು ಎಂದು ನನ್ನ ತಿಳಿವಳಿಕೆ.

ಆ ಫರಸಿಯ ಮೇಲೆ ಕುಂಡಗಳು. ದವಾಖಾನೆಯಲ್ಲಿ ಮಂಚಗಳಿಗೆ ಜಾಗ ಗೊತ್ತಿದ್ದ ಹಾಗೆ ನಮ್ಮಲ್ಲಿ ಕುಂಡಗಳಿಗೆ ಜಾಗ ಗೊತ್ತು. ಸುತ್ತ ಬಿಳಿ ಬಣ್ಣದ ಗೆರೆ ಹಾಕಿದ್ದೇನೆ. ಗೆರೆ ದಾಟುವಂತಿಲ್ಲ, ಅಲುಗಿಸುವಂತಿಲ್ಲ. ಒಮ್ಮೆ ಯಜಮಾನರು ತೊಗರಿಬೇಳೆ ಒಣಗಿಸಲು ಒಂದು ಕುಂಡವನ್ನು ಸರಿಸಲು ಹೋಗಿ ನನ್ನ ಕಣ್ಣಿಗೆ ಬಿದ್ದು, ಬೇಳೆಯನ್ನು ತಮ್ಮ ಮಂಚದ ಮೇಲೆ ಒಣಗಿಸಬೇಕಾಯಿತು. ಆ ಕುಂಡದಲ್ಲಿದ್ದದ್ದೇ ನನ್ನ ಗುಂಡುಗಿಡ. ನಿವೃತ್ತಿಯ ದಿನ ಜೊತೆಯ ನರ್ಸುಗಳು ಕೊಟ್ಟದ್ದು. ಆಲದ ಜಾತಿಯದಂತೆ, ಎಲೆ ಮಾತ್ರ ಸಣ್ಣವು. ಪ್ರತಿ ಭಾನುವಾರ ಹಳೆಯ ಬ್ಯಾಂಡೇಜು ಕತ್ತರಿಯಿಂದ ಅದರ ತಲೆಯನ್ನು ಚೆಂಡಿನಂತೆ ಗುಂಡಗೆ ಕತ್ತರಿಸುತ್ತೇನೆ. ಔಷಧದ ಅಳತೆಯ ಲೋಟದಲ್ಲಿ ನೀರು. ಬಂದಾಗ ಸೊಂಟದೆತ್ತರ ಇತ್ತು, ಈಗಲೂ ಸೊಂಟದೆತ್ತರ. ಮನೆಗೆ ಬಂದವರಿಗೆ, ಅದರಲ್ಲೂ ಮೊಬೈಲು ಬಿಡದ ಹುಡುಗರಿಗೆ, "ಶಿಸ್ತು ಅಂದ್ರ ಏನಂತ ಈ ಗಿಡಕ್ಕ ಕೇಳ್ರಿ" ಎಂದು ತೋರಿಸುತ್ತಿದ್ದೆ. ಕೇಳಬೇಕಾದವಳು ನಾನಾಗಿದ್ದೆ.

ಮಶಾಕ್ ಗೋಡೆಯ ಬದಿಯ ಕಲ್ಲು ಕಿತ್ತು ಅಗೆದ. ಗೋಡೆಯ ಮೇಲೆ ಸಾಲಾಗಿ ನೀಲಮ್ಮನವರ ಹೆಂಗಸರ ತಲೆಗಳು. ನೆರಳಿನಲ್ಲಿ ಗಿಡ ಕಡಿಯುವ ಇಬ್ಬರು ಆಗಲೇ ಬಂದು, ಕೊಡಲಿ ಮಗ್ಗುಲಲ್ಲಿಟ್ಟುಕೊಂಡು, ತಾವು ಕಡಿಯಬೇಕಾದ ಗಿಡದ ಕೆಳಗೇ ಹಾಯಾಗಿ ಚಹಾ ಕುಡಿಯುತ್ತಿದ್ದರು. ತೋಳಿನಷ್ಟು ದಪ್ಪದ ಬೇರೊಂದು ಸಿಕ್ಕಿತು. "ಸಿಕ್ತು!" ಎಂದು ನಾನು ಕೂಗಿದೆ. ಸಿಕ್ಕಿದ್ದೇನೋ ನಿಜ, ಆದರೆ ಅದು ನಮ್ಮ ಪೈಪಿನ ಕಡೆ ತಿರುಗಿಯೂ ನೋಡದೆ ಕೆಳಗೆ, ಕತ್ತಲೆಯೊಳಕ್ಕೆ ಇಳಿದುಹೋಗಿತ್ತು. ಮಶಾಕ್ ಪೈಪಿನ ಮೇಲಿನ ಮಣ್ಣು ತೆಗೆದ. ಎರಡು ಪೈಪು ಕೂಡುವಲ್ಲಿ ಎರೆ ಮಣ್ಣು ಉಬ್ಬಿ ಸೊರಗಿ ಜಗ್ಗಾಡಿ ಬಾಯಿ ತೆರೆಸಿತ್ತು. ಅಲ್ಲಿಂದ ಜಿನುಗಿದ ನೀರಿಗೆ ಸುತ್ತ ಮಣ್ಣು ತಂಪಾಗಿತ್ತು. ಆ ಸಂದಿನೊಳಕ್ಕೆ ಬೇರು ನುಗ್ಗಿದ್ದು ಕಾಣಿಸಿತು. ನುಗ್ಗಿದ್ದು ಗೋಡೆಯ ಕಡೆಯಿಂದಲ್ಲ. ಮನೆಯ ಕಡೆಯಿಂದ.

"ಬಾಯಾರ, ಇದು ಉಲ್ಟಾ ದಿಕ್ಕಿಂದ ಬಂದಾದ" ಎಂದ ಮಶಾಕ್.

"ಸುತ್ತು ಹಾಕ್ಕೊಂಡು ಬಂದಿರಬೇಕು" ಎಂದೆ. ಅಷ್ಟು ಹೇಳುವಾಗ ನನ್ನ ದನಿ ಸ್ವಲ್ಪ ಸಣ್ಣದಾಗಿತ್ತು.

ಒಂದು ಕಲ್ಲು ಎತ್ತಿದ. ಕೆಳಗೆ ಬೇರು. ಕಲ್ಲಿನ ಭಾರಕ್ಕೆ ಚಪ್ಪಟೆಯಾಗಿ, ಲಾಡಿಯ ಹಾಗೆ ನೆಲಕ್ಕೆ ಅಂಟಿಕೊಂಡು ಸಾಗಿತ್ತು. ಇನ್ನೊಂದು ಕಲ್ಲು, ಅಲ್ಲೂ ಇದೆ, ಕೊಂಚ ದಪ್ಪ. ಮತ್ತೊಂದು, ಇನ್ನೂ ದಪ್ಪ. ಬೇರು ದಪ್ಪವಾಗುತ್ತ ಹೋದರೆ ಗಿಡ ಹತ್ತಿರ ಬಂತು ಎಂದರ್ಥ, ಇದಕ್ಕೆ ನರ್ಸಿಂಗ್ ಓದಬೇಕಿಲ್ಲ. ಕಲ್ಲುಗಳ ಸಾಲು ಬೇವಿನಿಂದ ದೂರ ದೂರ ಸರಿಯುತ್ತ ಮನೆಯ ಕಟ್ಟೆಯ ಮೂಲೆಯತ್ತ ಹೊರಟಿತ್ತು. ಆ ಮೂಲೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

"ಸಾಕು ಮಶಾಕ್, ಬಿಸಲು ಭಾಳಾತು. ಚಹಾ ಕುಡೀರಿ ಎಲ್ಲಾರೂ" ಎಂದೆ. ಪೂಜೆಯಾಗದೆ ನಮ್ಮ ಮನೆಯಲ್ಲಿ ಚಹಾ ಎಂಬ ಮಾತು ಬಂದದ್ದು ಅದೇ ಮೊದಲು. ಯಜಮಾನರು ಪೇಪರು ಕೆಳಗಿಟ್ಟು ನನ್ನ ಮುಖ ನೋಡಿದರು.

"ಚಹಾ ಎಲ್ಲಿ ಓಡಿ ಹೋಗ್ತದ್ರಿ?" ಗೋಡೆಯ ಮೇಲಿನಿಂದ ನೀಲಮ್ಮ. "ಪೂರಾ ನೋಡೂಣು. ಬುಡದತನ ತೋರಸ್ತೀನಿ ಅಂದಿಲ್ರಿ ನೀವು? ಏ ಮಶಾಕ್, ಎತ್ತೋ ಕಲ್ಲು."

ಅವನು ಎತ್ತಿದ. ಬೇರು ನೇರ ಬಿಳಿ ಗೆರೆಯ ಒಳಗೆ ಹೋಗಿ ಗುಂಡುಗಿಡದ ಕುಂಡದ ಕೆಳಗೆ ಮಾಯವಾಯಿತು. ಮಶಾಕ್ ಕುಂಡವನ್ನು ಅಪ್ಪಿ ಹಿಡಿದು ಎತ್ತಲು ನೋಡಿದ, ಅದು ಅಲುಗಲಿಲ್ಲ. ಯಜಮಾನರೂ ಕೈ ಹಚ್ಚಿದರು. ಚಟಾರನೆ ಕುಂಡ ಒಡೆದು ನಾಲ್ಕು ಹೋಳಾಯಿತು. ಕುಂಡ ಹೋದರೂ ಕುಂಡ ಅಲ್ಲೇ ನಿಂತಿತ್ತು! ಒಳಗೆ ಮಣ್ಣೇ ಇರಲಿಲ್ಲ. ಸುತ್ತಿ ಸುತ್ತಿ ಜಾಗವಿಲ್ಲದೆ ಮತ್ತೆ ಸುತ್ತಿದ ಬೇರುಗಳು ಕುಂಡದ ಆಕಾರವನ್ನೇ ಕಟ್ಟಿಕೊಂಡಿದ್ದವು. ತಳದ ತೂತಿನಿಂದ ಒಂದು ಬೇರು ಇಳಿದು, ಎರಡು ಫರಸಿಯ ಸಂದಿನಲ್ಲಿ ನುಸುಳಿ, ಹೊರಟುಹೋಗಿತ್ತು. ನಾನು ಇಷ್ಟು ವರ್ಷ ಲೋಟದಲ್ಲಿ ಅಳೆದು ನೀರು ಹಾಕಿದ್ದು ಯಾರಿಗೆ? ಅಲ್ಲಿದ್ದದ್ದು ಬರೀ ತಲೆ. ಸಂಸಾರವೆಲ್ಲ ಬಚ್ಚಲಿನಲ್ಲಿ. ವರ್ಷಕ್ಕೊಮ್ಮೆ ಆ ಕುಂಡವನ್ನು ಯಾರಾದರೂ ಸರಿಸಿದ್ದರೂ ಬೇರು ಪಟ್ಟನೆ ಹರಿದುಹೋಗುತ್ತಿತ್ತು. ಸರಿಸದಂತೆ ಕಾವಲು ನಿಂತವಳು ನಾನು.

ಗೋಡೆಯ ಮೇಲಿನ ತಲೆಗಳಲ್ಲಿ ಮೊದಲು ಒಂದು ಕಿಸಕ್ಕೆಂದಿತು. ಆಮೇಲೆ ಇಡೀ ಸಾಲು ಅಲುಗಾಡತೊಡಗಿತು. "ಯವ್ವಾ, ನರ್ಸಬಾಯಿ ಗಿಡ ರಾತ್ರಿ ಪಾಳಿ ಮಾಡ್ಯಾದ!" ಎಂದಳೊಬ್ಬಳು. ಗದ್ದಲ ಕೇಳಿ ಕಡಿಯುವವರಿಬ್ಬರೂ ಕೊಡಲಿ ಹೆಗಲಿಗೇರಿಸಿ ನಮ್ಮ ಬಾಗಿಲಿಗೆ ಬಂದರು. "ಯಾವ ಗಿಡ ಕಡೀಬೇಕ್ರಿ ಈಗ?" ಎಂದು ಹಿರಿಯವನು ಕೇಳಿದ. ನೀಲಮ್ಮ ಗುಂಡುಗಿಡದತ್ತ ಕೈ ತೋರಿಸಿದರು. ಅವನು ಅದನ್ನು ನೋಡಿದ, ತನ್ನ ಕೊಡಲಿ ನೋಡಿದ, ನನ್ನನ್ನು ನೋಡಿದ. "ಇದಕ್ಕ ನಾವ್ಯಾಕ್ರಿ ಬಾಯಿ? ಈಳಗಿ ಇದ್ರ ಸಾಕಿಲ್ರಿ."

ಕಾಯ್ದೆ ನಾನೇ ಮಾಡಿದ್ದು. ಅದನ್ನು ಇಡೀ ಓಣಿ ಕೇಳಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಹೇಳಲು ಏನೂ ತೋಚದಿದ್ದಾಗ ಮನುಷ್ಯರಿಗೆ ಹಳೆಯದೆಲ್ಲ ನೆನಪಾಗುತ್ತದಲ್ಲ, ನನಗೆ ಚಿತ್ತಾಪುರದ ಹೈಸ್ಕೂಲು ನೆನಪಾಯಿತು. ವಿಜ್ಞಾನದ ತಾಸಿನಲ್ಲಿ ಬೇರಿನ ಚಿತ್ರ ಬರೆದಿದ್ದೆ. ಸ್ಕೇಲಿಟ್ಟು, ಎಲ್ಲ ಬೇರುಗಳೂ ಒಂದೇ ಉದ್ದ, ಒಂದೇ ಅಂತರ. ಮಾಸ್ತರರು ಬಹಳ ಹೊತ್ತು ನೋಡಿ, "ಚಿತ್ರ ಚಂದ ಅದವ್ವ. ಆದ್ರ ಇಂಥ ಬೇರು ಭೂಮಿ ಮ್ಯಾಲ ಎಲ್ಲೂ ಇಲ್ಲ" ಎಂದಿದ್ದರು. ನಾನು ಮೊದಲನೆಯ ಮಾತನ್ನಷ್ಟೇ ಇಟ್ಟುಕೊಂಡಿದ್ದೆ. ಪಾಠವೂ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ: ಬೇರಿನ ತುದಿಗೆ ಪುಟ್ಟ ಟೊಪ್ಪಿಗೆ ಇರುತ್ತದೆ, ಮಣ್ಣಿನ ಕಣಗಳ ನಡುವೆ ತಲೆ ತೂರಿಸುತ್ತ ಅದು ಸವೆಯುತ್ತದೆ, ಮತ್ತೆ ಹುಟ್ಟುತ್ತದೆ. ಅದರ ಹಿಂದೆ ಕೂದಲಿಗಿಂತ ಸಣ್ಣ ರೋಮಗಳು. ನೀರು ಕುಡಿಯುವ ಬಾಯಿಗಳು ಅವು, ದಪ್ಪ ಬೇರು ಬರೀ ನಳಿಗೆ ಮತ್ತು ಲಂಗರು. ಮಣ್ಣೆಂದರೆ ಗಟ್ಟಿ ವಸ್ತುವಲ್ಲ, ಕಣಗಳ ಸಂದುಗಳಲ್ಲಿ ಗಾಳಿಯಿದೆ, ನೀರಿದೆ. ಬೇರಿಗೆ ಉಸಿರೂ ಬೇಕು, ತೇವವೂ ಬೇಕು. ಎರಡೂ ಸಿಕ್ಕದಿದ್ದರೆ ಸಿಕ್ಕುವ ಕಡೆ ಹೋಗುತ್ತದೆ. ಇಷ್ಟೆಲ್ಲ ಗೊತ್ತಿದ್ದವಳು, ಬೇರೇ ಅಪರಾಧಿ ಎಂದು ಬೆಳಿಗ್ಗೆ ಕೂಗಾಡಿದ್ದೆ. ಬೇರು ಏನನ್ನೂ ಒಡೆದಿರಲಿಲ್ಲ. ಪೈಪು ಸೋರಿ ಕರೆದಿತ್ತು, ಬಾಯಾರಿದ್ದು ಬಂದಿತ್ತು.

ನಮ್ಮ ದವಾಖಾನೆಯಲ್ಲೊಬ್ಬ ರೋಗಿಯಿದ್ದ. ಗಂಜಿ, ಹೆಸರುಬೇಳೆ ನೀರು, ಅಷ್ಟೇ ಪಥ್ಯ. ಎಂಥ ಸಾಧು! ಹೇಳಿದಷ್ಟು ಕುಡಿಯುವನು, ಹೇಳಿದ ಮಗ್ಗುಲಿಗೆ ಮಲಗುವನು. ಬೇರೆ ರೋಗಿಗಳಿಗೆ ಅವನನ್ನೇ ತೋರಿಸಿ ಬಯ್ಯುತ್ತಿದ್ದೆ. ಒಂದು ದಿನ ಹೊದಿಕೆ ಕೊಡವಿದರೆ ಮಿರ್ಚಿ ಭಜಿಯ ತೊಟ್ಟುಗಳು ಉದುರಿದವು. ಹಿಂದಿನ ಕಿಟಕಿಯಿಂದ ದಿನಾ ಹೋಗಿ ಬರುತ್ತಿದ್ದನಂತೆ. ಆಗಲೂ ನಾನು ಕಿಟಕಿಗೆ ಸರಳು ಹಾಕಿಸಿದೆನೇ ಹೊರತು, ಗಂಜಿ ಸಾಲುತ್ತದೆಯೇ ಎಂದು ಕೇಳಿರಲಿಲ್ಲ.

"ಈಳಗಿ ತರಲೇನು?" ಎಂದು ಯಜಮಾನರು ಮೆಲ್ಲಗೆ ಕೇಳಿದರು. ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ, ಮೀಸೆ ಅಡ್ಡ ಇತ್ತು.

ನಾನೇ ಹೋಗಿ ತಂದೆ. ಕಾಯ್ದೆ ಎಂದರೆ ಕಾಯ್ದೆ. ಬುಡದ ಹತ್ತಿರ ಕುಳಿತೆ. ಆಗ ನೀಲಮ್ಮ ಗೋಡೆ ಸುತ್ತಿ ನಮ್ಮ ಬಾಗಿಲಿನಿಂದಲೇ ಒಳಗೆ ಬಂದರು. ಬಂದವರೇ ನನ್ನ ಕೈಯಿಂದ ಈಳಿಗೆ ಕಸಿದುಕೊಂಡರು.

"ಹುಚ್ಚಿದ್ದೀರೇನ್ರಿ? ಉಪಾಸ ಇಟ್ಟವರು ನೀವು, ಉಣ್ಣಾಕ ಹೋಗಿದ್ದು ಅದರ ತಪ್ಪೇನು?"

"ಹಂಗಲ್ರಿ ನೀಲಮ್ಮ. ಬೇರು ನಿಮ್ಮ ಬೇವಿಂದು ಆಗಿದ್ರ ನಾ ಕಡಸ್ತಿದ್ದೆ."

"ಅದಕ್ಕೇ ಹೇಳ್ಲಿಕತ್ತೀನಿ. ನಾ ನಿಮ್ಮಂಗ ಅಲ್ಲ."

ನಾನು ಎದ್ದು ಬದಿಗೆ ಸರಿದೆ. ಮಶಾಕ್ ಬಚ್ಚಲಿಗೆ ಹೋಗುವ ಬೇರನ್ನು ಒಂದೇಟಿಗೆ ತುಂಡರಿಸಿದ. ಗುಂಡುಗಿಡವನ್ನು ಹಸಿ ಗೋಣಿಚೀಲದಲ್ಲಿ ಸುತ್ತಿ ಕಟ್ಟಿದೆವು. ಮನೆಗಳ ಹತ್ತಿರ ಅದಕ್ಕೆ ಜಾಗವಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ಆಡಕಿಯಲ್ಲಿ ಮೈದುನನ ಹೊಲದ ಬದುವಿಗೆ ಬೆಳಗಿನ ಬಸ್ಸಿನಲ್ಲಿ ಒಯ್ಯುತ್ತೇನೆಂದು ಯಜಮಾನರು ಹೇಳಿದರು. "ಅಲ್ಲಿ ಎಷ್ಟು ದೂರ ಹೋದ್ರೂ ಯಾರೂ ಕೇಳಂಗಿಲ್ಲಪ್ಪ" ಎಂದು ಚೀಲದ ಕಿವಿಯಲ್ಲಿ ಹೇಳಿದ್ದೂ ನನಗೆ ಕೇಳಿಸಿತು. ಕಡಿಯುವವರಿಬ್ಬರೂ, ಬಂದದ್ದು ವ್ಯರ್ಥವಾಗದಿರಲೆಂದು, ನೀಲಮ್ಮನವರ ಒಲೆಗೆ ಒಂದು ಹಳೆಯ ದಿಮ್ಮಿ ಸೀಳಿ, ರೊಟ್ಟಿ ಕಟ್ಟಿಸಿಕೊಂಡು ಹೋದರು. ರೊಟ್ಟಿಯ ಪಟಪಟ ಮತ್ತೆ ಶುರುವಾಯಿತು.

ಸಂಜೆಯಾಯಿತು. ಬಚ್ಚಲ ಇನ್ನೂ ಹೊಂಡ. ನಾನು ತಲೆಯಿಂದ ಕಾಲಿನವರೆಗೆ ಎರೆ ಮಣ್ಣು; ಬೆಳಗಿನ ಸ್ನಾನ ಸಂಜೆಯಾದರೂ ಆಗಿರಲಿಲ್ಲ, ಪೂಜೆಯೂ ಇಲ್ಲ. ನೀಲಮ್ಮ ಗೋಡೆಯ ಮೇಲೆ ಕಾಣಿಸಿಕೊಂಡು, "ಬರ್ರಿ, ನಮ್ಮ ಬಚ್ಚಲದಾಗ ಜಳಕ ಮಾಡ್ರಿ. ನೀರು ಕಾಯಿಸೀನಿ" ಎಂದರು. ಹೋದೆ. ಅವರ ಬಚ್ಚಲಿಗೆ ಪೈಪೇ ಇಲ್ಲ. ನೀರು ಒಂದು ತೂತಿನಿಂದ ಹೊರಬಿದ್ದು, ಮಣ್ಣಿನ ಸಣ್ಣ ಕಾಲುವೆ ಹಿಡಿದು, ನೇರ ಬೇವಿನ ಬುಡಕ್ಕೆ ಹೋಗುತ್ತದೆ. ನಿಂತು ನೋಡಿದೆ. ಇಡೀ ಮನೆಯ ಸ್ನಾನದ ನೀರು ಬಾಗಿಲಿಗೇ ಬಂದು ಬೀಳುವಾಗ, ಆ ಗಿಡ ನಮ್ಮ ಮನೆಯ ಪೈಪಿಗೆ ಯಾಕೆ ಬರಬೇಕಿತ್ತು? ಗೋಡೆಯ ಮೇಲಿನಿಂದ ಒಮ್ಮೆ ಬಗ್ಗಿ ನೋಡಿದ್ದರೆ ಬೆಳಿಗ್ಗೆಯೇ ತಿಳಿಯುತ್ತಿತ್ತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ನನ್ನ ಅಳತೆಯಂತೆ ನೀರು ಹಾಕಿಕೊಂಡೆ. ಹೊರಗಿನಿಂದ ನೀಲಮ್ಮನ ದನಿ: "ನರ್ಸಬಾಯಿ, ಕೈ ಸಡ್ಲ ಬಿಟ್ಟು ಹಾಕ್ಕೋರಿ! ನೀರು ಅರ್ಧ ಕಾಲುವಿಗೇ ನಿಂತಾದ, ಗಿಡದತನ ಮುಟ್ಟಿಲ್ಲ."

ಇನ್ನೊಂದು ಕೊಡ ಸುರಿದುಕೊಂಡೆ. "ಈಗ?" ಎಂದು ಒಳಗಿನಿಂದಲೇ ಕೇಳಿದೆ.

"ಇನ್ನಾ ಜರಾ!"

ನನ್ನ ಸ್ನಾನ ಮುಗಿದು ಬಹಳ ಹೊತ್ತಾಗಿತ್ತು. ಆದರೂ ಬೆಳಿಗ್ಗೆ ಕಡಿಸಲು ಹೊರಟಿದ್ದ ಗಿಡದ ಬುಡಕ್ಕೆ ನೀರು ಮುಟ್ಟುವವರೆಗೆ, ಹೊರಗೆ ರೊಟ್ಟಿಯ ಹೆಂಗಸರೆಲ್ಲ ಒಟ್ಟಿಗೆ "ಬಂತ್ರೀ, ಬಂತು!" ಎಂದು ಕೂಗುವವರೆಗೆ, ಕಣ್ಣು ಮುಚ್ಚಿ ತಲೆಯ ಮೇಲೆ ಸುರಿದುಕೊಳ್ಳುತ್ತಲೇ ಇದ್ದೆ. ಆ ದಿನದ ಕಡೆಯ ಕೆಲಸ ಅಲ್ಲಿಗೆ ಮುಗಿಯಿತು.